ಗುಂಡ ಕೂತು ನೋಡಿದ ಕುರ್ಚಿ

ಬೆಳಿಗ್ಗೆ ಆರೂವರೆಗೆ ಗುಂಡ ಕುರ್ಚಿಯ ಮೇಲೆ ಕೂತ. ಕುರ್ಚಿ ಒಂದು ಸಲ ‘ಕಿರ್’ ಎಂದಿತು.

“ಪಾಸ್!” ಎಂದರು ಮೇಸ್ತ್ರಿ.

ಮಾವ ಕುರ್ಚಿಯನ್ನು ಬೋರಲು ಹಾಕಿ, ಅದರ ಅಡಿಗೆ ನೀಲಿ ಮಸಿಯ ಮೊಹರು ಒತ್ತಿದರು: ‘ಗುಂಡ ಕೂತು ನೋಡಿದ್ದು’. ಗುಂಡ ಎದ್ದು ಪಕ್ಕದ ಕುರ್ಚಿಗೆ ಹೋದ. ಅರವತ್ತು ಕುರ್ಚಿಗಳಲ್ಲಿ ಮುಗಿದದ್ದು ಒಂದು.

ಮಾವನ ಕುರ್ಚಿ ಕಾರ್ಖಾನೆಯಲ್ಲಿ ಈ ಪದ್ಧತಿ ಶುರುವಾದಾಗ ಗುಂಡನಿಗೆ ಒಂಬತ್ತು ವರ್ಷ. ಒಂದು ಮಧ್ಯಾಹ್ನ ಶಾಲೆಯಿಂದ ಬಂದವನು ಆಗ ತಾನೇ ಬಣ್ಣ ಆರಿದ್ದ ಕುರ್ಚಿಯ ಮೇಲೆ ಧೊಪ್ಪನೆ ಕೂತ. ಬೆಲೆ ಕೇಳಿ ಹೊರಡಲು ನಿಂತಿದ್ದ ಗಿರಾಕಿಯೊಬ್ಬ ತಿರುಗಿ ನೋಡಿ, “ಈ ಹುಡುಗನ್ನೇ ತಡೀತು ಅಂದ್ಮೇಲೆ ನನ್ನನ್ನ ತಡಿಯಲ್ವಾ? ಆರು ಕುರ್ಚಿ ಕೊಡಿ” ಎಂದ. ಮಾವ ಆ ವಾರವೇ ಹೊಸ ಬೋರ್ಡು ಬರೆಸಿದರು. ಬೋರ್ಡಿನಲ್ಲಿ ಕುರ್ಚಿಯ ಮೇಲೆ ಕುಂಬಳಕಾಯಿಯಂಥ ಹುಡುಗ. ಕಾಲು ನೆಲಕ್ಕೆ ತಾಗಿಲ್ಲ, ಮುಖದ ತುಂಬ ನಗು. ಕೆಳಗೆ ದಪ್ಪಕ್ಷರದಲ್ಲಿ: ‘ಗುಂಡ ಕೂತರೂ ಗಟ್ಟಿ’. ಚಿತ್ರದ ಹುಡುಗ ನಗುತ್ತಿದ್ದ, ನಿಜ. ಚಿತ್ರ ಬರೆಯುವವನ ಮುಂದೆ ಕೂತಿದ್ದ ಹುಡುಗ ನಕ್ಕಿರಲಿಲ್ಲ.

ಹಿರಿಯ ಬಡಗಿಯಾದ ಮೇಸ್ತ್ರಿಗೆ ಅಳತೆಪಟ್ಟಿಗಿಂತ ಕಿವಿಯ ಮೇಲೆ ನಂಬಿಕೆ. ಅವರ ಸೂತ್ರ ಸರಳ. ಗುಂಡ ಕೂತಾಗ ಕುರ್ಚಿ ಒಂದು ಸಲ ಕಿರ್ ಅನ್ನಬೇಕು. ಎರಡು ಸಲ ಅಂದರೆ ಮರ ಸಾಲದು. ಒಂದು ಸಲವೂ ಅನ್ನದಿದ್ದರೆ ಮರ ದಂಡ. ಮುಂದಿನ ಕುರ್ಚಿಗೆ ಉಜ್ಜುಗೊರಡನ್ನು ಇನ್ನೊಂದೆರಡು ಸಲ ಎಳೆದು ಮರ ತೆಳ್ಳಗೆ ಮಾಡಬೇಕು. ಈ ಸೂತ್ರದ ಮೇಲೆ ಕಾರ್ಖಾನೆ ಹದಿನಾಲ್ಕು ವರ್ಷ ನಡೆದಿತ್ತು. ಈಚೆಗೆ ಒಂದೆರಡು ಮನೆಗಳಲ್ಲಿ ಕುರ್ಚಿ ಮುರಿದ ಸುದ್ದಿ ಬಂದಿತ್ತು. “ಅದರ ಮೇಲೆ ನಿಂತು ಕುಣಿದಿರ್ತಾರೆ” ಎಂದು ಮಾವ ತೀರ್ಪು ಕೊಟ್ಟು ಮರೆತಿದ್ದರು.

“ಮಾವ, ನಾನು ಒಂಬತ್ತಕ್ಕೆ ಹೊರಡ್ಲೇಬೇಕು. ಹತ್ತಕ್ಕೆ ನನ್ನ ಪರೀಕ್ಷೆ” ಎಂದ ಗುಂಡ, ನಾಲ್ಕನೆಯ ಕುರ್ಚಿಯಿಂದ.

“ಗೊತ್ತು ಕಣೋ, ಗೊತ್ತು. ಕೂರೋದಕ್ಕೆ ಎಷ್ಟು ಹೊತ್ತು ಬೇಕು? ಕೂರು.”

ಪರೀಕ್ಷೆ ಅಗ್ನಿಶಾಮಕ ದಳದ್ದು. ಅರವತ್ತು ಕುರ್ಚಿಗಳು ಹೋಗಬೇಕಾಗಿದ್ದದ್ದೂ ಅದೇ ದಳದ ಹೊಸ ಸಭಾಂಗಣಕ್ಕೆ. ಎರಡೂ ಒಂದೇ ದಿನ ಬಿದ್ದದ್ದು ಗುಂಡನ ಗ್ರಹಚಾರ.

ಗುಂಡನಿಗೆ ಈ ಕೆಲಸದ ಮೇಲೆ ಯಾಕಿಷ್ಟು ಆಸೆ ಎನ್ನುವುದಕ್ಕೆ ಕಾರಣವಿದೆ. ಹತ್ತನೆಯ ವಯಸ್ಸಿನಲ್ಲಿ ಅವನು ಶಾಲೆಯ ಬೆಂಚಿಗೂ ಡೆಸ್ಕಿಗೂ ನಡುವೆ ಸಿಕ್ಕಿಕೊಂಡಿದ್ದ. ಎರಡಕ್ಕೂ ಕಬ್ಬಿಣದ ಪಟ್ಟಿಯ ನಂಟು. ಇಬ್ಬರು ಮೇಷ್ಟ್ರು ಎಳೆದರು, ಮೂವರು ನೂಕಿದರು. ಕೊನೆಗೆ ಹೆಡ್ ಮೇಷ್ಟ್ರು ಗಾಬರಿಬಿದ್ದು ಫೋನ್ ಮಾಡಿದ ಮೇಲೆ, ಗಂಟೆ ಬಾರಿಸಿಕೊಂಡು ಅಗ್ನಿಶಾಮಕ ದಳದ ಕೆಂಪು ವಾಹನವೇ ಬಂತು. ಇಡೀ ಶಾಲೆ ಕಿಟಕಿಗೆ ಜೋತುಬಿದ್ದು ನಗುತ್ತಿತ್ತು. ಒಬ್ಬ ಮಾತ್ರ ನಗಲಿಲ್ಲ. ಸಣಕಲು ಮೈಯ, ದಪ್ಪ ಮೀಸೆಯ ಅಗ್ನಿಶಾಮಕ ಅವನ ಪಕ್ಕ ಮಂಡಿಯೂರಿ, “ಉಸಿರು ಬಿಡು ಮರಿ. ಪೂರ್ತಿ ಬಿಡು. ಏನೂ ಆಗಲ್ಲ” ಎಂದ. ಗುಂಡ ಉಸಿರು ಬಿಟ್ಟ. ಮೀಸೆಯವನು ಒಂದು ಬೋಲ್ಟು ತಿರುಗಿಸಿದ. ಅಷ್ಟೆ.

ಅವತ್ತು ಸಂಜೆ ಗುಂಡ ತಾನೂ ಅಗ್ನಿಶಾಮಕನಾಗುತ್ತೇನೆ ಎಂದಾಗ ಮನೆಯವರು ಹೊಟ್ಟೆ ಹುಣ್ಣಾಗುವಷ್ಟು ನಕ್ಕರು. “ನಿನ್ನನ್ನ ಹೊರೋ ಏಣಿ ಇನ್ನೂ ಹುಟ್ಟಿಲ್ಲ ಕಣೋ” ಎಂದರು ಮಾವ. ಮಾವನಿಗೆ ಅವನು ತೆಳ್ಳಗಾಗುವುದು ಬೇಕಾಗಿಯೂ ಇರಲಿಲ್ಲ. ವ್ಯಾಪಾರ ನಿಂತಿದ್ದದ್ದೇ ಅವನ ಮೇಲೆ.

ಹದಿನೈದನೆಯ ವಯಸ್ಸಿಗೆ ಗುಂಡ ತೊಂಬತ್ತೆಂಟು ಕಿಲೋ ಇದ್ದ. ಒಂದು ಮಹಡಿ ಹತ್ತಿದರೆ ಮೂಗು ಬಾಯಿ ಎರಡರಲ್ಲೂ ಉಸಿರು ಸಾಲುತ್ತಿರಲಿಲ್ಲ. ಡಾಕ್ಟರು ರಕ್ತ ಪರೀಕ್ಷೆ ನೋಡಿ, “ಸಕ್ಕರೆ ಕಾಯಿಲೆ ಬಾಗಿಲಿಗೆ ಬಂದು ನಿಂತಿದೆ, ಒಳಗೆ ಕರೀಬೇಡಿ” ಎಂದರು. ಬೈಯಲಿಲ್ಲ, ಹೆದರಿಸಲಿಲ್ಲ, ಬೀದಿಯ ಕೊನೆಯವರೆಗೆ ನಡೆದು ವಾಪಸು ಬಾ, ಅಷ್ಟು ಸಾಕು ಎಂದರು. ಅಮ್ಮ ಮನೆಯ ದೊಡ್ಡ ತಟ್ಟೆಗಳನ್ನೆಲ್ಲ ಅಟ್ಟಕ್ಕೆ ಹಾಕಿ, ಎಲ್ಲರಿಗೂ ಸಣ್ಣ ತಟ್ಟೆ ತಂದಳು. “ಒಬ್ಬನಿಗೋಸ್ಕರ ನಾವೆಲ್ಲ ಯಾಕೆ ಉಪವಾಸ ಬೀಳ್ಬೇಕು ಅಕ್ಕಾ?” ಎಂದು ಮಾವ ಗೊಣಗಿದರು. “ಒಬ್ಬನೇ ಬಿದ್ದರೆ ಏಳಲ್ಲ ಕಣೋ” ಎಂದಳು ಅಮ್ಮ.

ತೂಕ ಇಳಿಯಿತು, ಮತ್ತೆ ಏರಿತು, ಪರೀಕ್ಷೆ ಬಂದಾಗಲೆಲ್ಲ ಏರಿತು, ಮತ್ತೆ ಇಳಿಯಿತು. ಬೀದಿಯ ಕೊನೆ ಹೋಗಿ ಕೆರೆಯ ಏರಿಯಾಯಿತು, ನಡಿಗೆ ಹೋಗಿ ಓಟವಾಯಿತು. ಆರು ವರ್ಷ ಹಿಡಿಯಿತು. ಈಗ ಇಪ್ಪತ್ಮೂರನೆಯ ವಯಸ್ಸಿನಲ್ಲಿ ಗುಂಡ ಅರವತ್ತೆಂಟು ಕಿಲೋ. ಎರಡು ವರ್ಷದಿಂದ ಅಲ್ಲೇ ನಿಂತಿದ್ದಾನೆ. ಮೂರು ಮಹಡಿ ಹತ್ತಿ ಹಾಡು ಹೇಳಬಲ್ಲ. ಹೆಸರು ಮಾತ್ರ ಇಳಿಯಲಿಲ್ಲ.

ಏಳೂವರೆಗೆ ಅಂಗಳದಲ್ಲಿ ಜೀಪೊಂದು ನಿಂತಿತು. ಅಗ್ನಿಶಾಮಕ ದಳದ ಉಗ್ರಾಣದ ಸಾಹೇಬರು ಇಳಿದರು. ಯಾವ ಸಾಮಾನು ಕೊಂಡರೂ ಕಣ್ಣಾರೆ ನೋಡದೆ ಒಳಗೆ ಬಿಡದ ಮನುಷ್ಯ. ಅವರು ಮೊದಲು ಬೋರ್ಡನ್ನು ನೋಡಿದರು, ಆಮೇಲೆ ಇಪ್ಪತ್ತನೆಯ ಕುರ್ಚಿಯಿಂದ ಏಳುತ್ತಿದ್ದ ಗುಂಡನನ್ನು ನೋಡಿದರು.

“ಗುಂಡ ಎಲ್ಲಿ?”

“ಇವ್ನೇ ಸಾರ್, ನಮ್ಮ ಗುಂಡ” ಎಂದರು ಮಾವ.

ಸಾಹೇಬರು ಗುಂಡನ ಸುತ್ತ ಒಂದು ಪ್ರದಕ್ಷಿಣೆ ಹಾಕಿದರು. “ತಮಾಷೆ ಮಾಡ್ಬೇಡಿ. ಇವನು ಕೂತ ಕುರ್ಚಿ ಮೇಲೆ ಗುಬ್ಬಚ್ಚಿ ಕೂರಬಹುದು. ನಮ್ಮ ದೊಡ್ಡ ಸಾಹೇಬರನ್ನ ನೋಡಿದೀರಾ ನೀವು? ಹಳೇ ಸಭಾಂಗಣದ ಕುರ್ಚಿ ಎಲ್ಲಾ ಅವರೇ ಮುಗಿಸಿದ್ದು. ಗುಂಡ ಕೂತು ನೋಡಿದ್ದು ಅಂತ ಬರೆದಿದೀರಿ. ನಂಗೆ ಗುಂಡ ಬೇಕು.”

ಮಾವನ ಮುಖ ಬಿಳುಚಿತು. ಆದರೆ ಬಾಯಿ ಸೋಲುವ ಪೈಕಿ ಅಲ್ಲ. “ಓ, ಆ ಗುಂಡನಾ? ಅವನು ಸ್ನಾನಕ್ಕೆ ಹೋಗಿದಾನೆ ಸಾರ್. ಇವನು ಅವನ... ತಮ್ಮ. ನೀವು ಒಳಗೆ ಕೂತು ಕಾಫಿ ತಗೊಳ್ಳಿ, ಕಳಿಸ್ತೀನಿ.”

ಹಿತ್ತಲಿಗೆ ಹೋದದ್ದೇ ಮಾವ ಗುಂಡನ ಕೈ ಹಿಡಿದುಕೊಂಡರು. “ಈ ಆರ್ಡರ್ ಹೋದ್ರೆ ಕಾರ್ಖಾನೆ ಬಾಗಿಲು ಹಾಕ್ಬೇಕು ಕಣೋ. ಒಂದು ಗಂಟೆ. ಒಂದೇ ಒಂದು ಗಂಟೆ ದಪ್ಪಗಾಗೋ.”

“ಆರು ವರ್ಷ ಬೇಕಾಯ್ತು ಮಾವ ಇಳಿಯೋಕೆ! ಒಂದು ಗಂಟೇಲಿ ಹ್ಯಾಗೆ ಏರ್ಲಿ?”

“ಏರೋದು ಸುಲಭ, ನನ್ನ ಕೇಳು” ಎಂದು ಗೋಡೆಯಾಚೆಯಿಂದ ದನಿ ಬಂತು. ಪಕ್ಕದ ಮನೆಯ ಟೈಲರಕ್ಕ. ಕಾರ್ಖಾನೆಯ ಕುರ್ಚಿಗಳಿಗೆ ಮೆತ್ತೆ ಹೊಲಿಯುವವಳು. ಗುಂಡ ದಪ್ಪಗಿದ್ದ ಕಾಲದಲ್ಲಿ “ಏನು ತಿನ್ನಿಸ್ತೀರಮ್ಮಾ ಇವನಿಗೆ, ಸ್ವಲ್ಪ ಕಮ್ಮಿ ಮಾಡಿ” ಎಂದು ದಿನಾ ಬುದ್ಧಿ ಹೇಳಿದವಳೂ ಅವಳೇ, ತೆಳ್ಳಗಾದ ಮೇಲೆ “ಪಾಪ, ಮಗೂಗೆ ಏನು ಕಾಯ್ಲೆ? ತಿನ್ನಕ್ಕೆ ಕೊಡಲ್ವಾ?” ಎಂದು ದಿನಾ ಕಣ್ಣೀರು ಹಾಕಿದವಳೂ ಅವಳೇ. ಇವತ್ತು ಅವಳ ಎರಡೂ ಬಯಕೆ ಒಟ್ಟಿಗೆ ಈಡೇರುವ ಯೋಗ. ಅವಳು ಮೆತ್ತೆಗೆಂದು ತಂದಿದ್ದ ಸ್ಪಂಜಿನ ಹಾಳೆಗಳನ್ನು ತಂದಳು. ಹೊಟ್ಟೆಗೆ ಎರಡು ಸುತ್ತು, ಬೆನ್ನಿಗೊಂದು, ತೋಳು ತೊಡೆಗಳಿಗೆ ತುಂಡು ತುಂಡು. ಮೇಲೆ ಮಾವನ ಹಳೆಯ ಕೋಟು, ಜಡೆಯಷ್ಟು ದಪ್ಪದ ಲಾಡಿಯ ಪೈಜಾಮ. ಕೆನ್ನೆಗೆ ಎರಡು ಉಂಡೆ ಹತ್ತಿ.

“ಜಾರಬಾರ್ದಲ್ಲ” ಎಂದು ಕೋಟಿನ ಬೆನ್ನನ್ನು ಒಳಗಿನ ಸ್ಪಂಜಿಗೆ ಸೇರಿಸಿ ಮೇಲಿಂದ ಕೆಳಗಿನವರೆಗೆ ದಬ್ಬಳದಲ್ಲಿ ಹೊಲಿದೇ ಬಿಟ್ಟಳು.

ಅಮ್ಮ ಅಡುಗೆಮನೆಯ ಬಾಗಿಲಲ್ಲಿ ನಿಂತು ನೋಡಿದಳು. ಅವಳ ಕೈಯಲ್ಲಿದ್ದ ಸೌಟು ಹಾಗೇ ನಿಂತಿತು. “ನನ್ನ ಮಗ ವಾಪಸು ಬಂದ ಹಾಗಾಯ್ತು” ಎಂದಳು. ಮತ್ತೆ ತಕ್ಷಣ, “ಬೇಡಪ್ಪಾ. ಬೇಗ ತೆಗೆದುಬಿಡು” ಎಂದಳು.

ಗುಂಡ ಉಗ್ರಾಣದ ಸಾಹೇಬರ ಮುಂದೆ ಉರುಳಿಕೊಂಡು ಬಂದು ಕುರ್ಚಿಯ ಮೇಲೆ ಕೂತ. ಕಿರ್, ಒಂದೇ ಸಲ. ಸ್ಪಂಜಿಗೆ ಗಾತ್ರವಿದೆ, ತೂಕವಿಲ್ಲ. ಈ ಸಂಗತಿ ಆ ಹೊತ್ತಿನಲ್ಲಿ ಯಾರ ತಲೆಗೂ ಹೋಗಲಿಲ್ಲ, ಗುಂಡನ ತಲೆಗೂ.

“ಆಹಾ!” ಎಂದರು ಸಾಹೇಬರು. “ಇದು ಗುಂಡ ಅಂದ್ರೆ! ಎಲ್ಲಾದರ ಮೇಲೂ ಕೂರಿಸಿ.”

ಉಳಿದ ನಲವತ್ತರ ಮೇಲೂ ಗುಂಡ ಕೂತೆದ್ದ. ಕುರ್ಚಿಗಳನ್ನು ಲಾರಿಗೆ ಏರಿಸಿದರು. ಮೇಸ್ತ್ರಿ ಒಂದೊಂದು ಕೈಯಲ್ಲಿ ಎರಡೆರಡು ಕುರ್ಚಿ ಹಿಡಿದು, “ಹೂವಿನ ಹಾಗಿದೆ ನೋಡಿ ಸಾರ್, ಕಾಲು ಎಷ್ಟು ನಾಜೂಕು! ಹಿಂದೆ ಒಂದು ಎತ್ತೋಕೆ ಇಬ್ಬರು ಬೇಕಿತ್ತು” ಎಂದು ಹೆಮ್ಮೆಪಟ್ಟರು. ಗಡಿಯಾರ ಒಂಬತ್ತೂ ಕಾಲು ತೋರಿಸುತ್ತಿತ್ತು. ಗುಂಡ ಹಿತ್ತಲ ಕಡೆ ತಿರುಗುವಷ್ಟರಲ್ಲಿ ಸಾಹೇಬರು ಅವನ ಸ್ಪಂಜಿನ ಭುಜದ ಮೇಲೆ ಕೈ ಹಾಕಿದರು.

“ನೀನು ನಮ್ಮ ಜೀಪಲ್ಲಿ ಬಾ. ದೊಡ್ಡ ಸಾಹೇಬರ ಎದುರಿಗೆ ಒಂದು ಸಲ ಕೂತು ತೋರಿಸ್ಬಿಡು.”

ಅಡಕತ್ತರಿಯಲ್ಲಿ ಸಿಕ್ಕ ಅಡಿಕೆಯ ಹಾಗಾಯಿತು ಗುಂಡನ ಸ್ಥಿತಿ. ಹೋಗದಿದ್ದರೆ ಮಾವನ ಗುಟ್ಟು ಬಯಲು. ಒಂಬತ್ತರ ಬಸ್ಸೂ ಹೋಗಿಯಾಗಿತ್ತು. ಅವನು ಜೀಪಿನ ಹಿಂಬದಿಗೆ ಏರಿದ. ಸೀಟು ತುಂಬಿತು. ಜೀಪು ಮಾತ್ರ ಕುಗ್ಗಲಿಲ್ಲ. ಡ್ರೈವರು ಕನ್ನಡಿಯಲ್ಲಿ ಎರಡು ಸಲ ನೋಡಿದ.

ಮೈದಾನ ತಲುಪಿದ್ದೇ ಸಾಹೇಬರು ಕುರ್ಚಿ ಇಳಿಸಲು ಓಡಿದರು. ಗುಂಡ ಮರದ ಮರೆಗೆ ಹೋಗಿ ಕೋಟು ಬಿಚ್ಚಲು ನೋಡಿದ. ಮುಂದಿನ ಗುಂಡಿಗಳ ಸಾಲನ್ನೂ ಟೈಲರಕ್ಕ ಹೊಲಿದುಬಿಟ್ಟಿದ್ದಳು. ಬೆನ್ನಿನ ಹೊಲಿಗೆಗೆ ಕೈ ಎಟುಕಲಿಲ್ಲ. ಮರದ ತೊಗಟೆಗೆ ಬೆನ್ನು ಉಜ್ಜಿದ. ಟೈಲರಕ್ಕನ ಹೊಲಿಗೆ ಸಾಮಾನ್ಯವಲ್ಲ. ತೊಗಟೆ ಉದುರಿತು, ದಾರ ಉಳಿಯಿತು. ಅಷ್ಟರಲ್ಲಿ ಧ್ವನಿವರ್ಧಕದಲ್ಲಿ ಅವನ ನಂಬರು ಕೂಗಿದರು. ಮೂರು ಸಲ ಕೂಗುವುದರೊಳಗೆ ಬರದಿದ್ದರೆ ಹೆಸರು ಹೊಡೆಯುತ್ತಾರೆ ಎಂಬುದು ನಿಯಮ. ಗುಂಡ ಓಡಿದ. ಅಂಥ ಗಾತ್ರದ ಮನುಷ್ಯ ಅಂಥ ವೇಗದಲ್ಲಿ ಓಡುವುದನ್ನು ಸಾಲಿನಲ್ಲಿದ್ದವರು ಹಿಂದೆ ಕಂಡಿರಲಿಲ್ಲ; ದಾರಿ ಬಿಟ್ಟು ಸರಿದು ನಿಂತರು.

ದಳದ ಡಾಕ್ಟರು ತಲೆ ಎತ್ತದೆಯೇ, “ತೂಕದ ಯಂತ್ರದ ಮೇಲೆ ನಿಲ್ಲು” ಎಂದರು. ಗುಂಡ ನಿಂತ. ಡಾಕ್ಟರು ಮುಳ್ಳು ನೋಡಿದರು. ಅರವತ್ತೊಂಬತ್ತು. ಗುಂಡನನ್ನು ನೋಡಿದರು. ಮತ್ತೆ ಮುಳ್ಳು ನೋಡಿದರು.

“ಇಳಿ. ಕೆಟ್ಟಿದೆ ಇದು.”

ಡಾಕ್ಟರು ತಾವೇ ಹತ್ತಿದರು. ಎಂಬತ್ತೊಂದು. “ಇದೇನಿದು, ನಾನು ಇವನಿಗಿಂತ ದಪ್ಪ ಅನ್ನುತ್ತೆ!” ಇನ್ನೊಂದು ಯಂತ್ರ ತರಿಸಿದರು. ಅದೂ ಅರವತ್ತೊಂಬತ್ತು ಎಂದಿತು. “ಬೆಳಿಗ್ಗೆಯಿಂದ ನಲವತ್ತು ಜನರನ್ನ ತೂಗಿದೀನಲ್ಲಪ್ಪಾ! ಎಲ್ಲರನ್ನೂ ವಾಪಸು ಕರೀರಿ!” ಎಂದು ಅವರು ಕೂಗುವ ಹೊತ್ತಿಗೆ ಗುಂಡನಿಗೆ ಕೆನ್ನೆಯ ಹತ್ತಿ ತಡೆಯಲಾಗಲಿಲ್ಲ. ಉಗುಳಿದ.

“ಸಾರ್, ಯಂತ್ರ ಸರಿಯಾಗಿದೆ. ನಾನೇ ಸರಿಯಾಗಿಲ್ಲ. ಕತ್ತರಿ ಇದ್ರೆ ಬೆನ್ನು ಕತ್ತರಿಸ್ತೀರಾ?”

ಡಾಕ್ಟರು ಹುಟ್ಟಿದಂದಿನಿಂದ ಕೇಳದ ಬೇಡಿಕೆ ಅದು. ಕತ್ತರಿ ಹಾಕಿದರು. ಕೋಟು ಎರಡು ಹೋಳಾಯಿತು, ಸ್ಪಂಜು ಪುಸಕ್ಕೆಂದು ಹೊರಗೆ ಬಂತು, ಬಟಾಣಿ ಸಿಪ್ಪೆಯಿಂದ ಕಾಳು ಬಂದ ಹಾಗೆ ಒಳಗಿನಿಂದ ಒಬ್ಬ ತೆಳ್ಳನೆಯ ಯುವಕ ಬನಿಯನ್ನು ಚಡ್ಡಿಯಲ್ಲಿ ಹೊರಬಂದ.

“ಇಲ್ಲಿಗೆ ಬರೋರೆಲ್ಲ ಹೊಟ್ಟೆ ಒಳಗೆಳ್ಕೊಂಡು ಬರ್ತಾರೆ” ಎಂದರು ಡಾಕ್ಟರು. “ಹೊಟ್ಟೆ ಹೊಲಿಸ್ಕೊಂಡು ಬಂದೋನು ನೀನೊಬ್ಬನೇ ಕಣಯ್ಯಾ.” ನಾಡಿ ಹಿಡಿದರು, ಎದೆಗೆ ಕೊಳವೆ ಇಟ್ಟರು, ಅವನ ಹಳೆಯ ಕತೆ ಕೇಳಿದರು. ಪೆನ್ನು ತೆಗೆದರು. “ಅರವತ್ತೆಂಟು ಅಂತ ಬರೀತೀನಿ. ಒಂದು ಕಿಲೋ ಸ್ಪಂಜಿಂದು. ಹೋಗು, ಓಡು.”

ಗುಂಡ ಓಡಿದ. ಓಟದಲ್ಲಿ ಮೂರನೆಯವನಾಗಿ ಬಂದ. ಉಗ್ರಾಣದ ಸಾಹೇಬರು ಆಗಲೇ ಮೈದಾನವೆಲ್ಲ ಅಲೆದು ಹುಡುಕುತ್ತಿದ್ದರು. ಕೊನೆಗೆ ಅವನನ್ನೇ ತಡೆದು, “ಏ, ಗುಂಡನ ತಮ್ಮ ಅಲ್ವಾ ನೀನು? ನಿನ್ನ ಅಣ್ಣನ್ನ ನೋಡಿದ್ಯಾ? ದೊಡ್ಡ ಕೋಟು ಹಾಕಿದ್ದ” ಎಂದು ಕೇಳಿದರು.

“ಡಾಕ್ಟರ ಹತ್ರ ಹೋಗಿದ್ದ ಸಾರ್. ಅಲ್ಲಿಂದ ವಾಪಸು ಬರ್ಲಿಲ್ಲ” ಎಂದ ಗುಂಡ. ಅಕ್ಷರಶಃ ನಿಜವಾದ ಮಾತು.

ಕೊನೆಯದು ಏಣಿ. ಮರಳು ತುಂಬಿದ ಮನುಷ್ಯಾಕಾರದ ಬೊಂಬೆಯನ್ನು ಹೆಗಲ ಮೇಲೆ ಹಾಕಿಕೊಂಡು ಮೂರನೆಯ ಮಹಡಿಯ ಎತ್ತರಕ್ಕೆ ಏರಿ, ಅಲ್ಲಿಂದ ಇಳಿಸಿಕೊಂಡು ಬರಬೇಕು. ಬೊಂಬೆಯ ಎದೆಯ ಮೇಲೆ ಬಣ್ಣದಲ್ಲಿ ಬರೆದಿತ್ತು: ಮೂವತ್ತು ಕಿಲೋ.

ಗುಂಡ ಅದನ್ನು ಹೆಗಲಿಗೆ ಹಾಕಿಕೊಂಡಾಗ ಅದು ಅಪರಿಚಿತ ಭಾರ ಅನ್ನಿಸಲಿಲ್ಲ. ತೊಂಬತ್ತೆಂಟರಲ್ಲಿ ಅರವತ್ತೆಂಟು ಕಳೆದರೆ ಉಳಿಯುವುದು ಎಷ್ಟು ಎಂದು ಅವನಿಗೆ ಗೊತ್ತಿತ್ತು. ಇದನ್ನೇ ತಾನು ವರ್ಷಗಟ್ಟಲೆ, ಮಲಗಿದಾಗಲೂ ಇಳಿಸದೆ, ಶಾಲೆಗೂ ಮನೆಗೂ ಹೊತ್ತಿದ್ದು. ಆಗ ಯಾರೂ ಚಪ್ಪಾಳೆ ತಟ್ಟಿರಲಿಲ್ಲ. “ಬಾಪ್ಪಾ, ಹಳೇ ಸ್ನೇಹಿತ” ಎಂದು ಬೊಂಬೆಯ ಕಿವಿಯಲ್ಲಿ ಹೇಳಿ ಏಣಿಯ ಮೇಲೆ ಕಾಲಿಟ್ಟ. ಉಸಿರು ತಪ್ಪಲಿಲ್ಲ. ಮೇಲೆ ಗಾಳಿ ತಂಪಾಗಿತ್ತು, ಅವನ ಬೀದಿಯ ಕೊನೆಯವರೆಗೂ ಕಾಣುತ್ತಿತ್ತು. ಇಳಿದು ಬಂದು ಬೊಂಬೆಯನ್ನು ಹುಲ್ಲಿನ ಮೇಲೆ ಮೆಲ್ಲನೆ ಮಲಗಿಸಿದ. ಎಲ್ಲರಿಗಿಂತ ಮೊದಲು ಏರಿಳಿದವನು ಅವನೇ ಎಂದು ತರಬೇತುದಾರ ಕೂಗಿ ಹೇಳಿದಾಗ ಅವನು ಬೊಂಬೆಯನ್ನೇ ನೋಡುತ್ತಿದ್ದ.

ಮಧ್ಯಾಹ್ನ ಮೂರಕ್ಕೆ ಹೊಸ ಸಭಾಂಗಣದಲ್ಲಿ ಸಂದರ್ಶನ. ಅರವತ್ತು ಕುರ್ಚಿಗಳು ಸಾಲಾಗಿ ಕೂತಿದ್ದವು. ಮಾವ ಮತ್ತು ಮೇಸ್ತ್ರಿ ಲಾರಿಯ ಜೊತೆ ಬಂದವರು ಗೋಡೆಯ ಬದಿ ನಿಂತು ಬೀಗುತ್ತಿದ್ದರು. ಉಳಿದ ಅಭ್ಯರ್ಥಿಗಳ ಜೊತೆ ಬಾಗಿಲಲ್ಲಿ ನಿಂತಿದ್ದ ಗುಂಡನಿಗೆ ಎದೆ ಹಗುರವಾಗಿತ್ತು. ಆಗ ದೊಡ್ಡ ಸಾಹೇಬರು ಬಂದರು.

ಬಾಗಿಲು ತುಂಬಿ ಬಂದರು. ದಪ್ಪ ಮೀಸೆ, ಅದಕ್ಕೆ ತಕ್ಕ ಗಲ್ಲ, ಅದಕ್ಕೆ ತಕ್ಕ ಹೊಟ್ಟೆ. “ಓ, ಹೊಸ ಕುರ್ಚಿ!” ಎಂದು ನಡುವಿನ ಕೈಕುರ್ಚಿಯಲ್ಲಿ ಕೂತರು.

ಕಿರ್.

ಮೇಸ್ತ್ರಿ ಮಾವನನ್ನು ನೋಡಿ ಕಣ್ಣು ಮಿಟುಕಿಸಿದರು.

ಕಿರ್.

ಮೇಸ್ತ್ರಿಯ ಕಣ್ಣು ಅರ್ಧಕ್ಕೇ ನಿಂತಿತು. ಹದಿನಾಲ್ಕು ವರ್ಷ ಕುರ್ಚಿಗಳ ದನಿ ಕೇಳಿ ಬೆಳೆದ ಗುಂಡ, “ಏಳಿ ಸಾರ್! ಬೇಗ ಏಳಿ!” ಎಂದು ಬಾಗಿಲಿಂದಲೇ ಕಿರುಚಿದ.

“ಯಾರಯ್ಯಾ ಅವನು, ನಂಗೇ ಏಳು ಅನ್ನೋನು?” ಎಂದು ದೊಡ್ಡ ಸಾಹೇಬರು ಆ ಕಡೆ ಹೊರಳಿದರು. ಹೊರಳಿದ್ದೇ ತಪ್ಪಾಯಿತು. ಆಸನದ ಹಲಗೆ ಎರಡು ತುಂಡಾಗಿ, ಸಾಹೇಬರು ಚೌಕಟ್ಟಿನೊಳಗೆ ಕುಸಿದು ಕೂತುಬಿಟ್ಟರು. ಮೊಣಕಾಲು ಗಲ್ಲಕ್ಕೆ ಬಂತು. ಎರಡು ಕಡೆಯ ಕೈಮರಗಳು ಹಳೆಯ ನೆಂಟರ ಹಾಗೆ ತಬ್ಬಿಕೊಂಡವು.

ಸಭಾಂಗಣದ ತುಂಬ ಅಗ್ನಿಶಾಮಕರೇ ಇದ್ದರು. ನಾಲ್ವರು ಎಳೆದರು, ಇಬ್ಬರು ಗರಗಸ ತರಲು ಓಡಿದರು, ಒಬ್ಬ ಅಭ್ಯಾಸಬಲದಿಂದ ನೀರಿನ ಕೊಳವೆ ಬಿಚ್ಚತೊಡಗಿದ. ಸಾಲಿನ ಹಿಂದಿನಿಂದ ಯಾರೋ ಕಿಸಕ್ಕೆಂದು ನಕ್ಕರು. ಆ ನಗು ಗುಂಡನಿಗೆ ಗೊತ್ತಿತ್ತು. ಅವನು ಗುಂಪನ್ನು ಸರಿಸಿ, ಸಾಹೇಬರ ಪಕ್ಕ ಮಂಡಿಯೂರಿದ.

“ಉಸಿರು ಬಿಡಿ ಸಾರ್. ಪೂರ್ತಿ ಬಿಡಿ. ಏನೂ ಆಗಲ್ಲ.”

ಸಾಹೇಬರು ಉಸಿರು ಬಿಟ್ಟರು. ಮಾವನ ಕುರ್ಚಿಯ ಕೈಮರಕ್ಕೆ ಮೊಳೆಯಿಲ್ಲ, ಅಡಿಯಲ್ಲಿ ಒಂದೇ ಒಂದು ಮರದ ಬೆಣೆ ಎಂಬುದು ಗುಂಡನಿಗೆ ಗೊತ್ತು. ಅಂಗೈಯಿಂದ ಒಂದು ಗುದ್ದು ಕೊಟ್ಟ. ಬೆಣೆ ಹಾರಿತು, ಕೈಮರ ಕಳಚಿತು, ದೊಡ್ಡ ಸಾಹೇಬರು ಎದ್ದು ನಿಂತರು.

ಅವರು ಮೊದಲು ಪ್ಯಾಂಟು ನೋಡಿಕೊಂಡರು, ಆಮೇಲೆ ಗುಂಡನನ್ನು. “ನೀನು ಹೇಳಿದ್ಯಲ್ಲ, ಆ ಮಾತು... ಎಲ್ಲೋ ಕೇಳಿದೀನಿ.”

ಗುಂಡನೂ ಆಗ ತಾನೇ ಅವರ ಮೀಸೆಯನ್ನು ಹತ್ತಿರದಿಂದ ನೋಡುತ್ತಿದ್ದ. ಮೈ ಎಷ್ಟೋ ಬದಲಾಗಿತ್ತು, ಮೀಸೆ ಅದೇ. “ನೀವೇ ಹೇಳಿದ್ದು ಸಾರ್. ಶಾಲೆ ಬೆಂಚಲ್ಲಿ ಒಬ್ಬ ಹುಡುಗ ಸಿಕ್ಕಾಕ್ಕೊಂಡಿದ್ದ.”

“ಆ ದಪ್ಪ ಹುಡುಗ?” ಸಾಹೇಬರ ಬಾಯಿ ತೆರೆದಂತೇ ಇತ್ತು. “ನೀನಾ? ಅಯ್ಯಾ, ನೀನು ನನ್ನ ಹಾಗಾಗಿದೀಯ, ನಾನು ನಿನ್ನ ಹಾಗಾಗಿದೀನಲ್ಲೋ!”

ನಗು ಎದ್ದಿತು. ಕತೆ ಅಲ್ಲಿಗೇ ನಿಂತಿದ್ದರೆ ಗುಂಡನಿಗೆ ಚೆನ್ನಾಗಿತ್ತು. ಆದರೆ ಉಗ್ರಾಣದ ಸಾಹೇಬರು ಮುರಿದ ಹಲಗೆಯನ್ನು ಎತ್ತಿ ತಿರುಗಿಸಿದರು. ನೀಲಿ ಮೊಹರು ಹೊಚ್ಚಹೊಸದಾಗಿ ಹೊಳೆಯುತ್ತಿತ್ತು.

“ಗುಂಡ ಕೂತು ನೋಡಿದ್ದು” ಎಂದು ಓದಿದರು ದೊಡ್ಡ ಸಾಹೇಬರು. “ಯಾರು ಈ ಗುಂಡ?”

“ನಾನೇ ಕಣ್ಣಾರೆ ನೋಡಿದೀನಿ ಸಾರ್! ಇವನ ಅಣ್ಣ, ನೂರು ಕಿಲೋ ಆಸಾಮಿ. ಬೆಳಿಗ್ಗೆ ನನ್ನ ಜೀಪಲ್ಲೇ ಬಂದ. ಎಲ್ಲೋ ತಪ್ಪಿಸ್ಕೊಂಡಿದಾನೆ” ಎಂದರು ಉಗ್ರಾಣದ ಸಾಹೇಬರು.

ಗೋಡೆಯ ಬದಿಯಲ್ಲಿ ಮಾವ ತಲೆ ಅಲ್ಲಾಡಿಸಿದರು: ಬೇಡ, ಬೇಡ. ಸುಮ್ಮನಿದ್ದರೆ ಕೆಲಸ ಗ್ಯಾರಂಟಿ. ಬಾಯಿ ಬಿಟ್ಟರೆ ಹದಿಮೂರು ವರ್ಷದ ಆಸೆಗೆ ಎಳ್ಳುನೀರು. ಗುಂಡ ಮುರಿದ ಹಲಗೆಯನ್ನು ನೋಡಿದ. ನಾಳೆ ಉಳಿದ ಐವತ್ತೊಂಬತ್ತರ ಮೇಲೆ ಜನ ಕೂರುತ್ತಾರೆ.

“ಗುಂಡ ನಾನೇ ಸಾರ್” ಎಂದ. “ಬೆಳಿಗ್ಗೆ ನನ್ನ ಮೈ ಮೇಲಿದ್ದದ್ದು ಸ್ಪಂಜು. ಡಾಕ್ಟರನ್ನ ಕೇಳಿ.”

ಉಗ್ರಾಣದ ಸಾಹೇಬರು ಹತ್ತಿರದ ಕುರ್ಚಿಯ ಮೇಲೆ ಕೂರಲು ಹೋಗಿ, ನೆನಪಾಗಿ, ನಿಂತೇ ಇದ್ದರು.

ಮೇಸ್ತ್ರಿಯನ್ನು ಕರೆದರು. ಮೇಸ್ತ್ರಿ ಎದೆಯುಬ್ಬಿಸಿ ತಮ್ಮ ಸೂತ್ರ ವಿವರಿಸಿದರು: ಒಂದು ಕಿರ್ ಅಂದರೆ ಸರಿ, ಎರಡು ಅಂದರೆ ಮರ ಸಾಲದು, ಒಂದೂ ಅನ್ನದಿದ್ದರೆ ಮರ ದಂಡ. “ಈ ಏಳೆಂಟು ವರ್ಷದಿಂದ ಕುರ್ಚಿ ಕಿರ್ ಅನ್ನೋದೇ ನಿಂತೋಗಿತ್ತು ಸಾರ್. ಗುಂಡ ಕೂತ್ರೂ ಸದ್ದಿಲ್ಲ. ಮರ ಎಷ್ಟು ದಂಡ ಆಗ್ತಿದೆ ಅಂತ ನಂಗೆ ಹೊಟ್ಟೆ ಉರೀತು. ಉಜ್ಜಿದೆ. ಇನ್ನೂ ಸದ್ದಿಲ್ಲ. ಇನ್ನೂ ಉಜ್ಜಿದೆ. ಪ್ರತಿ ವರ್ಷ ಉಜ್ಜಿ ಉಜ್ಜಿ ಕಿರ್ ಅನ್ನಿಸ್ತಾ ಬಂದೆ...”

ಮಾತು ಅಲ್ಲಿಗೆ ನಿಂತಿತು. ಮೇಸ್ತ್ರಿ ಗುಂಡನನ್ನು ನೋಡಿದರು. ಹದಿನಾಲ್ಕು ವರ್ಷ ದಿನಾ ಕಣ್ಣೆದುರಿಗೇ ಇದ್ದವನನ್ನು ಈಗ ಮೊದಲ ಸಲ ನೋಡುವಂತೆ, ಅಡಿಯಿಂದ ಮುಡಿಯವರೆಗೆ ನೋಡಿದರು.

“ಅಯ್ಯಯ್ಯೋ” ಎಂದರು ಮೆಲ್ಲಗೆ. “ಇಳಿದಿದಾನಲ್ಲ ಇವನು!”

ಮಾವ ಕಣ್ಣು ಮುಚ್ಚಿಕೊಂಡರು.

“ಹುಡುಗ ತೂಕ ಇಳಿಸಿದ್ದು ಸರಿ” ಎಂದರು ದೊಡ್ಡ ಸಾಹೇಬರು. “ಅವನ ಜೊತೆ ಕುರ್ಚೀನೂ ಯಾಕ್ರೀ ಇಳಿಸಿದ್ರಿ?”

ಅವರು ಬಹಳ ಹೊತ್ತು ಹೊಟ್ಟೆ ಹಿಡಿದುಕೊಂಡು ನಕ್ಕರು. ನಕ್ಕು ಮುಗಿದ ಮೇಲೆ ಎರಡು ಅಪ್ಪಣೆ ಕೊಟ್ಟರು. ಒಂದು: ಏಣಿಯಲ್ಲಿ ಮೊದಲು ಬಂದು, ಕೆಲಸ ಹೋಗುತ್ತದೆಂದು ಗೊತ್ತಿದ್ದೂ ನಿಜ ಹೇಳಿದ ಹುಡುಗ ಇವತ್ತಿನಿಂದಲೇ ದಳದವನು. ಸಭಾಂಗಣ ಚಪ್ಪಾಳೆ ತಟ್ಟಿತು. ಮೇಸ್ತ್ರಿ ಎಲ್ಲರಿಗಿಂತ ಜೋರಾಗಿ ತಟ್ಟಿದರು. ಮಾವನ ಕಣ್ಣಲ್ಲಿ ನೀರು ಬಂತು. ಅದರಲ್ಲಿ ಎಷ್ಟು ಪಾಲು ಅಳಿಯನದು, ಎಷ್ಟು ಪಾಲು ಕುರ್ಚಿಯದು ಎಂದು ಹೇಳುವುದು ಕಷ್ಟ. ಗುಂಡನಿಗೆ ಮಾತ್ರ, ಜೀವಮಾನದಲ್ಲಿ ಇನ್ನು ಯಾವ ಕುರ್ಚಿಯ ಮೇಲೂ ಕೂತು ತೋರಿಸಬೇಕಾಗಿಲ್ಲ ಎನ್ನುವ ಒಂದೇ ಯೋಚನೆ. ಏಣಿಯ ತುದಿಯಲ್ಲಿದ್ದಷ್ಟೇ ತಂಪಾಗಿತ್ತು ಆ ಕ್ಷಣ.

“ಎರಡನೇದು” ಎಂದರು ಸಾಹೇಬರು. “ಮೊಹರಲ್ಲಿ ಏನು ಬರೆದಿದೆಯೋ ಅದೇ ಆಗ್ಬೇಕು. ಮುರಿಯೋದೆಲ್ಲ ಮುರೀಲಿ, ಮುರಿದಷ್ಟನ್ನೂ ಗಟ್ಟಿಯಾಗಿ ಮಾಡಿಕೊಡಿ. ಹೊಸದನ್ನೂ ಪರೀಕ್ಷೆ ಮಾಡ್ಬೇಕು. ಹಳೇ ಗುಂಡನ ತೂಕ ಎಷ್ಟಿತ್ತು?”

“ತೊಂಬತ್ತೆಂಟು ಸಾರ್” ಎಂದರು ಮಾವ, ಹಳೆಯ ಹೆಮ್ಮೆ ಮರುಕಳಿಸಿ.

“ಈಗ?”

“ಅರವತ್ತೆಂಟು” ಎಂದರು ಡಾಕ್ಟರು ಬಾಗಿಲಿಂದ.

ದೊಡ್ಡ ಸಾಹೇಬರು ಕಿಟಕಿಯಿಂದ ಮೈದಾನದ ಕಡೆ ನೋಡಿದರು. ಹುಲ್ಲಿನ ಮೇಲೆ ಮರಳಿನ ಬೊಂಬೆ ಆಕಾಶ ನೋಡುತ್ತ ಮಲಗಿತ್ತು.

“ಹಾಗಾದ್ರೆ ಲೆಕ್ಕ ಸರಿಹೋಯ್ತು” ಎಂದರು.

ಮರುದಿನ ಬೆಳಿಗ್ಗೆ ಆರೂವರೆಗೆ ಗುಂಡ, ಅಗ್ನಿಶಾಮಕ ದಳದ ಹೊಸ ಸಮವಸ್ತ್ರದಲ್ಲಿ, ಮೂವತ್ತು ಕಿಲೋ ಬೊಂಬೆಯನ್ನು ತೊಡೆಯ ಮೇಲೆ ಕೂರಿಸಿಕೊಂಡು, ಸಭಾಂಗಣದ ಮೊದಲನೆಯ ಕುರ್ಚಿಯ ಮೇಲೆ ಕೂತ. ಮೇಸ್ತ್ರಿ ಕಿವಿಗೊಟ್ಟು ನಿಂತಿದ್ದರು, ಮಾವ ಮೊಹರು ಹಿಡಿದು ನಿಂತಿದ್ದರು. ಕುರ್ಚಿ ಮುರಿಯಿತು. ಗುಂಡ ಎದ್ದು, ಪ್ಯಾಂಟು ಕೊಡವಿಕೊಂಡು, ಬೊಂಬೆಯನ್ನು ಎತ್ತಿಕೊಂಡು ಎರಡನೆಯ ಕುರ್ಚಿಗೆ ಹೋದ.